ಹೆಸರಿಗೆ ಹಾಕಿದ ಬೀಗ

ಪುಣೆಯಲ್ಲಿ ನಾನು ಮಾಡಿದ ಮೊದಲ ನೌಕರಿ ಒಂದು ಟಿ.ಬಿ. ದವಾಖಾನೆಯಲ್ಲಿ. ತೊಂಬತ್ತರ ದಶಕ ಮುಗಿಯುವ ಹೊತ್ತು. ನಾನು ಬಿ.ಕಾಂ. ಮುಗಿಸಿ, ಪೇಟೆಯ ಒಂದು ಹಳೆಯ ವಾಡೆಯ ಮಾಳಿಗೆಯ ಮೇಲೆ ನಡೆಯುತ್ತಿದ್ದ ಕ್ಲಾಸಿನಲ್ಲಿ ಆರು ತಿಂಗಳು ಡೇಟಾಬೇಸ್ ಕಲಿತು, ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿಕೊಂಡು ಮನೆಯಲ್ಲಿ ಕುಳಿತಿದ್ದೆ. ನಮ್ಮಪ್ಪ ವಿಜಾಪುರದ ಕಡೆಯಿಂದ ಬಂದು ಒಂದು ಔಷಧಿ ಏಜೆನ್ಸಿಯಲ್ಲಿ ಗುಮಾಸ್ತರಾಗಿದ್ದವರು. ಸ್ಟೇಶನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಟ್ರಸ್ಟು ನಡೆಸುವ ಚಿಕ್ಕ ದವಾಖಾನೆ ಇದೆ, ಅಲ್ಲಿಗೆ ಯಾರೋ ಬಿಲ್ಡರ್ ಒಬ್ಬರು ಕಂಪ್ಯೂಟರ್ ದಾನ ಕೊಟ್ಟಿದ್ದಾರೆ, ಅದನ್ನು ಮುಟ್ಟುವವರೇ ಇಲ್ಲ ಎಂಬ ಸುದ್ದಿ ಅವರೇ ತಂದರು.

ಅವ್ವನಿಗೆ ಸರಿಬರಲಿಲ್ಲ. "ಲಗ್ನಕ್ಕ ಬಂದ ಹುಡುಗಿ. ಟೀಬಿ ದವಾಖಾನಿಗೆ ಹೋಗತಾಳ ಅಂತ ಮಂದಿಗೆ ಗೊತ್ತಾದ್ರ ಏನಂತಾರ?"

"ಕಂಪ್ಯೂಟರ್ ಕೆಲಸಕ್ಕ ಹೋಗತಾಳ ಅನ್ನು. ಸುಳ್ಳೇನಲ್ಲಲಾ," ಅಂದರು ಅಪ್ಪ. ಹಾಗೇ ಆಯಿತು. ಆಚೀಚೆ ಮನೆಯವರಿಗೆ ನಾನು ಎರಡು ವರ್ಷ 'ಕಂಪ್ಯೂಟರ್ ಕೆಲಸ'ಕ್ಕೆ ಹೋದೆ.

ದವಾಖಾನೆಯಲ್ಲಿ ಒಬ್ಬ ಡಾಕ್ಟರು, ಒಬ್ಬ ಸಿಸ್ಟರ್. ಡಾಕ್ಟರು ಮರಾಠಿಯವರು, ವಯಸ್ಸಾದವರು, ಮೆತ್ತಗೆ ಮಾತಾಡುವವರು. ಆದರೆ ದವಾಖಾನೆ ನಡೆಯುತ್ತಿದ್ದದ್ದು ಸಿಸ್ಟರ್ ಮೇಲೆ. ಸೋಲಾಪುರದ ಹತ್ತಿರದ ಹಳ್ಳಿಯವರು. ಮನೆಮಾತು ಕನ್ನಡ. ಐವತ್ತು ದಾಟಿತ್ತು. ಬಿಳಿ ಸೀರೆ, ಕಾಲಲ್ಲಿ ರಬ್ಬರ್ ಚಪ್ಪಲಿ, ಹಳೆಯ ಮೊಪೆಡ್ ಮೇಲೆ ಬರುತ್ತಿದ್ದರು. ಪರ್ಸಿನಲ್ಲಿ ಸದಾ ಪೆಪ್ಪರಮಿಂಟು. ಗುಳಿಗೆ ನುಂಗಿ ವಾಂತಿ ಬರುವಂತಾದವರ ಬಾಯಿಗೆ ತಾವೇ ಒಂದೊಂದು ಹಾಕುತ್ತಿದ್ದರು. ನಮ್ಮಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಕಲಬುರಗಿ, ಯಾದಗಿರಿ ಕಡೆಯ ಕಟ್ಟಡ ಕೂಲಿಗಳು. ಒಂದು ದಿನ ಬಿಟ್ಟು ಒಂದು ದಿನ ಬಂದು ಸಿಸ್ಟರ್ ಎದುರಿಗೇ ಗುಳಿಗೆ ನುಂಗಿ ಹೋಗಬೇಕು. ಹಾಗೆ ಆರು ತಿಂಗಳು. ನಡುವೆ ಬಿಟ್ಟರೆ ರೋಗ ಇನ್ನೂ ಹಟಮಾರಿಯಾಗುತ್ತದೆ. "ಉಚ್ಚಿ ಕೆಂಪ ಹೋಗತದ, ಹೆದರಬ್ಯಾಡ. ಅದು ರಕ್ತಲ್ಲ, ಔಷಧದ ಬಣ್ಣ," ಎಂದು ಅವರು ಪ್ರತಿ ಹೊಸಬರಿಗೂ ಹೇಳುವ ಧ್ವನಿ ಪಡಸಾಲೆಗೆಲ್ಲ ಕೇಳುತ್ತಿತ್ತು. ಆದರೆ ಯಾರ ಹೆಸರನ್ನೂ ಅವರು ಗಟ್ಟಿಯಾಗಿ ಕರೆದದ್ದು ನಾನು ಕೇಳಲಿಲ್ಲ. "ಹಸರ ಸೀರಿ, ಬಾ." "ಟೊಪಗಿ, ನಿನ್ನ ಪಾಳಿ." ಅಷ್ಟೇ.

ಮೊದಲ ದಿನವೇ ಅವರು ಕಂಪ್ಯೂಟರನ್ನು ಸುತ್ತು ಹಾಕಿ ನೋಡಿ ಕೇಳಿದರು. "ಇದರಾಗ ಹೆಸರು ಬರದ್ರ ಯಾರಿಗೂ ಕಾಣಬಾರದು. ಆಗತದೇನು?"

"ಆಗತದರಿ. ಪಾಸ್‌ವರ್ಡ್ ಹಾಕತೀನಿ."

"ಅದನ್ನ ಎಲ್ಲಿ ಇಡೂದು?"

"ತಲಿಯಾಗ್ರಿ."

"ನನ್ನ ತಲಿಯಾಗ ಭಾಳ ಗದ್ದಲದ. ಆದ್ರೂ ಹಾಕು."

ನನಗೆ ಆಗ ಆ ವಿದ್ಯೆಯ ಬಗ್ಗೆ ಭಾರಿ ಹೆಮ್ಮೆ. ಕ್ಲಾಸಿನಲ್ಲಿ ಕಡೆಯ ವಾರ 'ಬಳಕೆದಾರರ ಭದ್ರತೆ' ಎಂಬ ಪಾಠ ಮಾಡಿದ್ದರು. ಯಾರು ನೋಡಬಹುದು, ಯಾರು ತಿದ್ದಬಹುದು, ಯಾರು ಬಾಗಿಲಾಚೆಯೇ ನಿಲ್ಲಬೇಕು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆ ಹಕ್ಕು ಕೊಡಬಹುದಿತ್ತು. ನಾನು ಮೂರು ಜನ ಬಳಕೆದಾರರನ್ನು ಮಾಡಿದೆ. ಡಾಕ್ಟರು ಎಲ್ಲ ನೋಡಬಹುದು, ಏನನ್ನೂ ತಿದ್ದುವಂತಿಲ್ಲ. ಸಿಸ್ಟರ್ ಗುಳಿಗೆಯ ದಿನ ತುಂಬಬಹುದು. ನಾನು ಎಲ್ಲದಕ್ಕೂ ಒಡತಿ. ತಿಂಗಳ ವರದಿಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ 'ಗೋಪನೀಯ' ಎಂದು ಮರಾಠಿಯಲ್ಲಿ ಬರುವಂತೆ ಮಾಡಿದೆ. ಅವಸರದಲ್ಲಿ ಅದರ ದೀರ್ಘವನ್ನು ಹ್ರಸ್ವ ಮಾಡಿದ್ದೆ. ಡಾಕ್ಟರು ನಕ್ಕರೇ ಹೊರತು ತಿದ್ದಿಸಲಿಲ್ಲ.

ಡಾಕ್ಟರು ತಮ್ಮ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಬಾಯಲ್ಲಿ ಹೇಳುತ್ತ ಒತ್ತುತ್ತಿದ್ದರು. ಪಡಸಾಲೆಯ ಬೆಂಚಿನ ಮೇಲಿದ್ದವರಿಗೂ ಅದು ಬಾಯಿಪಾಠ ಆಗಿದ್ದರೆ ಆಶ್ಚರ್ಯವಿಲ್ಲ. ಸಿಸ್ಟರ್ ಹಾಗಲ್ಲ. ಮೊದಲು ನನ್ನನ್ನು ಕೋಣೆಯಿಂದ ಹೊರಗೆ ಹಾಕಿ ಬಾಗಿಲು ಮುಂದಕ್ಕೆ ಮಾಡಿಕೊಳ್ಳುತ್ತಿದ್ದರು. ಒಂದೇ ಬೆರಳಿನಿಂದ ಟಕ್, ಟಕ್ ಎಂದು ಸದ್ದು. ಮೊದಲನೆಯ ಸಲ ಒಳಗಿನಿಂದಲೇ ಕೂಗಿದರು.

"ನಾ ಒಂದು ಬರದ್ರ ಇದು ಚುಕ್ಕಿ ಹಾಕಲಿಕ್ಕತ್ತೇದಲ್ಲ! ರಂಗೋಲಿ ಬಿಡಸೂದದೇನು?"

"ಅದು ಮುಚ್ಚಿ ತೋರಸತದರಿ, ಯಾರಿಗೂ ಕಾಣಬಾರದು ಅಂತ."

"ನನಗೂ ಕಾಣಬಾರದು?"

"ನಿಮಗೂ."

ಒಳಗೆ ಮತ್ತೆರಡು ಸಲ ಟಕ್, ಟಕ್. ಆಮೇಲೆ, "ಶಾಣ್ಯಾ ಅದ," ಅಂದರು. ಆ ದಿನದಿಂದ ಅವರಿಗೆ ಕಂಪ್ಯೂಟರ್ ಮೇಲೆ ಸ್ವಲ್ಪ ಗೌರವ ಬಂತು.

ಪಾಸ್‌ವರ್ಡನ್ನು ಆಗಾಗ ಬದಲಿಸಬೇಕು ಎಂದು ನಾನೇ ಹೇಳಿದ್ದೆ. ಅವರು ಅದನ್ನು ವ್ರತದ ಹಾಗೆ ಹಿಡಿದು ಪ್ರತಿ ತಿಂಗಳು ಒಂದನೇ ತಾರೀಖು ಬದಲಿಸಿದರು, ಮೂರನೇ ತಾರೀಖು ಮರೆತರು. ನಾನು ನನ್ನ ಹಕ್ಕಿನಿಂದ ಒಳಗೆ ಹೋಗಿ ಅದನ್ನು ಅಳಿಸಿ ಕೊಟ್ಟೆ. ಅವರು ಖುಷಿಪಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತರು.

"ಅಂದ್ರ ನೀ ಮನಸ್ಸು ಮಾಡಿದ್ರ ನನ್ನ ಬೀಗ ತಗೀಬಹುದು?"

"ಹೌದ್ರಿ. ಒಬ್ಬರಿಗಾದ್ರೂ ಬರಬೇಕಲ್ಲರೀ?"

"ಹಂಗಾದ್ರ ನಿನ್ನ ಮ್ಯಾಲೂ ಒಂದು ಕಣ್ಣಿಡಬೇಕು," ಎಂದು ಪೆಪ್ಪರಮಿಂಟು ಕೊಟ್ಟರು.

ದಾನ ಕೊಟ್ಟ ಬಿಲ್ಡರ್ ಒಳ್ಳೆಯ ಮನಸ್ಸಿನಿಂದಲೇ ಇನ್ನೊಂದು ಉಪಕಾರವನ್ನೂ ಮಾಡಿದ್ದರು. ತಿಂಗಳಿಗೊಮ್ಮೆ ಅವರ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಮನುಷ್ಯ ನಮ್ಮದನ್ನೂ ನೋಡಲು ಬರುತ್ತಿದ್ದ. ನಲವತ್ತರ ಆಸುಪಾಸಿನ ಮರಾಠಿ ಗೃಹಸ್ಥ, ಮಿತಭಾಷಿ. ಕೀಬೋರ್ಡನ್ನು ಬ್ರಶ್ಶಿನಿಂದ ಗುಡಿಸಿ, ಮಶೀನು ಕೆಟ್ಟರೂ ಕೆಲಸ ಹಾಳಾಗಬಾರದು ಎಂದು ನಮ್ಮ ಫೈಲಿನ ಒಂದು ನಕಲನ್ನು ಫ್ಲಾಪಿಗೆ ಹಾಕಿಕೊಂಡು ಹೋಗುತ್ತಿದ್ದ. ಒಂದೇ ಫ್ಲಾಪಿಯಲ್ಲಿ ಹಿಡಿಸುವಷ್ಟು ಚಿಕ್ಕ ಫೈಲು. ನಾನು ಅವನಿಗೆ ಚಹಾ ತರಿಸಿ, ಥ್ಯಾಂಕ್ಸ್ ಹೇಳಿ ಕಳಿಸುತ್ತಿದ್ದೆ. ಬೀಗ ಹಾಕಿದ ಪೆಟ್ಟಿಗೆಯನ್ನು ಯಾರು ಹೊತ್ತರೇನು ಎಂದುಕೊಂಡಿದ್ದೆ.

ಆ ವರ್ಷ ದೀಪಾವಳಿಗೆ ಮುಂಚೆ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಒಳಗಿನವಳು. ಯಾದಗಿರಿ ಕಡೆಯವಳು. ಗಂಡ ಹೆಂಡತಿ ಇಬ್ಬರೂ ಹಿಂಜವಾಡಿಯಲ್ಲಿ ಕಟ್ಟಡ ಕೆಲಸಕ್ಕಿದ್ದರು. ಆಗ ಅಲ್ಲಿ ಹೊಲಗಳ ನಡುವೆ ಒಂದೊಂದೇ ದೊಡ್ಡ ಆಫೀಸು ಏಳುತ್ತಿತ್ತು. ಎರಡು ಬಸ್ಸು ಬದಲಿಸಿ ಬಂದಿದ್ದಳು. ಕಫದ ಪರೀಕ್ಷೆಯಾಗಿ ರೋಗ ಖಾತ್ರಿಯಾಯಿತು. ಹೆಸರು ಬರೆಸುವುದಕ್ಕೆ ಸಿಸ್ಟರ್ ಅವಳನ್ನು ನನ್ನ ಮುಂದೆ ಕೂರಿಸಿದರು. ಅವಳು ಒಂದು ಹೆಸರು ಹೇಳಿದಳು. ನಾನು ಬರೆಯುವಷ್ಟರಲ್ಲಿ ಇನ್ನೊಂದು ಹೇಳಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಖರೇ ಹೆಸರು ಬ್ಯಾಡ್ರಿ ಅಕ್ಕಾರ. ಸೈಟಿನ್ಯಾಗ ಗೊತ್ತಾದ್ರ ಕೆಲಸದ ಮ್ಯಾಲ ನಿಂದ್ರಗೊಡಾಂಗಿಲ್ಲ. ನಳದ ನೀರಿಗೂ ಬಿಡಾಂಗಿಲ್ಲ."

ಸುಳ್ಳು ಹೆಸರು ಬರೆದರೆ ಆರು ತಿಂಗಳಲ್ಲಿ ಯಾರ ಗುಳಿಗೆ ಯಾರಿಗೆ ಹೋಯಿತೆಂಬುದೇ ತಿಳಿಯದಾಗುತ್ತದೆ ಎಂದು ಸಿಸ್ಟರ್ ಕಲಿಸಿದ್ದರು. ನಾನು ಪರದೆಯನ್ನು ಅವಳ ಕಡೆ ತಿರುಗಿಸಿದೆ. ಫೈಲು ಮುಚ್ಚಿದೆ, ಮತ್ತೆ ತೆಗೆಯಲು ಹೋದೆ. ಪಾಸ್‌ವರ್ಡ್ ಕೇಳುವ ಚೌಕ ಬಂತು. "ನೋಡವಾ, ಇಲ್ಲೆ ಬೀಗ ಅದ. ಇದರ ಕೀಲಿ ನನ್ನ ಕಡೆ ಅದ, ಸಿಸ್ಟರ್ ಕಡೆ ಅದ, ಡಾಕ್ಟರ್ ಕಡೆ ಅದ. ನಾಕನೇದವರಿಗೆ ನಿನ್ನ ಹೆಸರು ಕಾಣೂದಿಲ್ಲ. ನಾ ಮಾತು ಕೊಡತೀನಿ."

ಅವಳಿಗೆ ಓದಲು ಬರುತ್ತಿರಲಿಲ್ಲ. ಚೌಕವನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಬಗ್ಗಿ ಕಿವಿಯಲ್ಲಿ ಹೇಳುವ ಹಾಗೆ ತನ್ನ ಹೆಸರು ಹೇಳಿದಳು. ನಾನು ಬರೆದುಕೊಂಡೆ.

ಒಂದೂವರೆ ತಿಂಗಳು ತಪ್ಪದೆ ಬಂದಳು. ಸೈಟಿನಲ್ಲಿ ನಾದಿನಿಯ ಬಾಣಂತನ ಎಂದು ಹೇಳುತ್ತಿದ್ದಳಂತೆ. "ಎಷ್ಟು ದಿನದ ಬಾಣಂತನ ಅಂತ ಕೇಳಿದ್ರ ಅವಳೀಜವಳಿ ಅನಬೇಕಂತ ಮಾಡೀನ್ರಿ," ಎಂದು ಸಿಸ್ಟರನ್ನೂ ನಗಿಸಿದಳು. ಕೆನ್ನೆ ತುಂಬಿಕೊಂಡಿತು, ಕೆಮ್ಮು ನಿಂತಿತು. ನಮ್ಮಿಬ್ಬರಿಗೂ ಅವಳು ಬರುವ ದಿನ ಗೊತ್ತಿರುತ್ತಿತ್ತು. ಬಂದರೆ ಊರ ಕಡೆಯ ಮಾತು, ಹಾಸ್ಯ. ಒಂದು ಸಲ ನನಗೆಂದು ಕಾಗದದಲ್ಲಿ ಕಟ್ಟಿಕೊಂಡು ಶೇಂಗಾ ಹಿಂಡಿ ತಂದಿದ್ದಳು.

ಆಮೇಲೆ ಒಂದು ಸೋಮವಾರ ಬರಲಿಲ್ಲ. ಬುಧವಾರ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಸಿಸ್ಟರ್ ಪಡಸಾಲೆಯ ಬಾಗಿಲಿಗೆ ಮೂರು ಸಲ ಹೋಗಿಬಂದರು. "ಆಕಿ ಅಷ್ಟ ಅಲ್ಲ. ಹಿಂಜವಾಡಿಯವರು ಐದೂ ಮಂದಿ ಬಂದಿಲ್ಲ. ಏನೋ ಆಗೇದ. ನಡೀ," ಅಂದರು.

ಶನಿವಾರ ಬೆಳಿಗ್ಗೆ ನಾವು ಹೋದೆವು. ಬಸ್ಸು ಇಳಿದು ಕೆಂಪು ಧೂಳಿನ ರಸ್ತೆಯಲ್ಲಿ ಬಹಳ ಹೊತ್ತು ನಡೆಯಬೇಕು. ಎತ್ತರದ ಗಾಜಿನ ಕಟ್ಟಡ ಅರ್ಧ ಎದ್ದು ನಿಂತಿತ್ತು. ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲು. ಅವಳ ಶೆಡ್ಡು ಖಾಲಿ. ಪಕ್ಕದ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಮುದುಕಿ ಸಿಸ್ಟರ್ ಉಟ್ಟ ಬಿಳಿ ಸೀರೆ ನೋಡಿ ಕೈ ನಿಲ್ಲಿಸಿದಳು.

"ಆಕೀನ ತಗದು ಹಾಕಿದರವ್ವಾ. ಗಂಡನೂ ಹಿಂದ ಹೋದ. ಇಂದಾಪುರದಾಗ ಅವರ ಮಂದಿ ಕಬ್ಬು ಕಡೀತಾರ, ಅಲ್ಲಿಗಿ ಹೋಗ್ಯಾರ. ಮುಕಾದಮ ಕಾಗದ ತಂದಿದ್ದ. ಐದು ಹೆಸರು ಓದಿದ."

ಕೂಲಿಗಳ ಮೇಸ್ತ್ರಿಗೆ ಅಲ್ಲಿ ಮುಕಾದಮ ಎನ್ನುತ್ತಾರೆ. ಅವನು ಕೆಟ್ಟ ಮನುಷ್ಯನಲ್ಲ. ನಮ್ಮನ್ನು ನೋಡಿ ಕುರ್ಚಿ ಹಾಕಿಸಿದ. ಶೆಡ್ಡುಗಳಲ್ಲಿ ಚಿಕ್ಕ ಚಿಕ್ಕ ಕೂಸುಗಳಿದ್ದಾವೆ, ಒಬ್ಬರಿಂದ ಹತ್ತು ಜನಕ್ಕೆ ಹತ್ತಿದರೆ ಯಾರು ಹೊಣೆ ಎಂದು ಮರಾಠಿಯಲ್ಲಿ ಕೇಳಿದ. ಕಾಗದ ಎಲ್ಲಿಂದ ಬಂತೆಂದರೆ ಆಫೀಸಿನಿಂದ ಎಂದ. ನಮಗೆ ಕಂಪ್ಯೂಟರ್ ದಾನ ಕೊಟ್ಟ ಬಿಲ್ಡರರದೇ ಆಫೀಸು, ಅವರದೇ ಕಟ್ಟಡ. ಕಿಸೆಯಿಂದ ತೆಗೆದು ತೋರಿಸಿಯೂ ಬಿಟ್ಟ.

ನಾಲ್ಕು ಮಡಿಕೆಯ ಹಾಳೆ. ಬಿಡಿಸಿದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ನೆತ್ತಿಯ ಮೇಲಿನ ದಪ್ಪ ಅಕ್ಷರದ 'ಗೋಪನೀಯ'. ದೀರ್ಘವಿರಬೇಕಾದಲ್ಲಿ ಹ್ರಸ್ವ. ನಾನು ಎಳೆದ ಗೆರೆ, ನಾನು ಆರಿಸಿದ ಅಕ್ಷರ, ನನ್ನ ತಪ್ಪು. ಕೆಳಗೆ ಐದು ಹೆಸರು. ನಾಲ್ಕನೆಯದು ಅವಳದು.

ಸಿಸ್ಟರ್ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಪರ್ಸಿಗೆ ಹಾಕಿದರು. ಮುಕಾದಮನಿಗೆ, ಮೂರು ವಾರ ಗುಳಿಗೆ ನುಂಗಿದವರಿಂದ ಸಾಧಾರಣವಾಗಿ ಯಾರಿಗೂ ಹತ್ತುವುದಿಲ್ಲ, ಗುಳಿಗೆ ಬಿಡಿಸಿದರೇ ಅಪಾಯ ಎಂದು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿದರು. ಅವನು ತಲೆ ಕೆರೆದುಕೊಂಡು, "ಮಲಾ ಕುಣೀ ಸಾಂಗಿತಲಂಚ್ ನಾಹೀ," ಎಂದ. ತನಗೆ ಯಾರೂ ಹೇಳಲೇ ಇಲ್ಲ ಎಂದು. ಅದೂ ನಿಜವೇ ಇತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅಳುತ್ತಿದ್ದೆ. "ನಾ ಯಾರಿಗೂ ಪಾಸ್‌ವರ್ಡ್ ಹೇಳಿಲ್ಲರೀ ಸಿಸ್ಟರ್. ದೇವರಾಣಿ."

"ನಾನೂ ಹೇಳಿಲ್ಲ. ನನಗ ನೆನಪಿದ್ರಲ್ಲ ಹೇಳೂದು?" ಅಂದರು. ನನಗೆ ನಗು ಬರಲಿಲ್ಲ. ಅವರು ಕಿಟಕಿಯ ಹೊರಗೆ ನೋಡುತ್ತ, "ಮೊದಲ ಗುಳಗಿ. ಆಮ್ಯಾಲ ನಿನ್ನ ಬೀಗ. ನಾಳೆ ಇಂದಾಪುರಕ್ಕ ಹೋಗೂಣು. ಬರತೀಯಿಲ್ಲೋ?" ಎಂದರು.

"ಬರತೀನ್ರಿ."

ಆದರೂ ನನಗೆ ತಡೆಯಲಾಗಲಿಲ್ಲ. ಅಂದು ಸಂಜೆ ದವಾಖಾನೆಗೆ ಹೋಗಿ ಫೈಲನ್ನು ಒಂದು ಫ್ಲಾಪಿಗೆ ಹಾಕಿಕೊಂಡು ನಮ್ಮ ಹಳೆಯ ಕ್ಲಾಸಿನ ಮಾಳಿಗೆ ಹತ್ತಿದೆ. ಅಲ್ಲಿನ ಒಂದು ಕಂಪ್ಯೂಟರಿಗೆ ಹಾಕಿ ಫೈಲಿನ ಮೇಲೆ ಎರಡು ಸಲ ಒತ್ತಿದೆ. ಏನೂ ಕೇಳಲಿಲ್ಲ. ಚೌಕ ಬರಲಿಲ್ಲ, ಚುಕ್ಕಿ ಬರಲಿಲ್ಲ. ನನ್ನ ಕೋಷ್ಟಕಗಳು, ಹೆಸರು, ವಯಸ್ಸು, ವಿಳಾಸ, ಕಫದ ಫಲಿತಾಂಶ, ಎಲ್ಲವೂ ಸಾಲಾಗಿ ಬಂದು ನಿಂತವು.

ಕ್ಲಾಸಿನ ಮಾಸ್ತರರು ಹಿಂದೆ ಬಂದು ನಿಂತು ನೋಡಿದರು. ಅವರು ತಿಳಿಸಿದ ಮೇಲೆ ನನಗೆ ಅರ್ಥವಾಯಿತು. ಆ ಸಾಫ್ಟ್‌ವೇರಿನಲ್ಲಿ ಹುಟ್ಟಿನಿಂದಲೇ ಒಬ್ಬ ಯಜಮಾನನಿರುತ್ತಾನೆ. ಅವನ ಹೆಸರು ಅಡ್ಮಿನ್. ಯಾವ ಕಂಪ್ಯೂಟರಿನಲ್ಲಿ ನೋಡಿದರೂ ಅವನೇ. ನಾನು ಮೂರು ಜನ ಬಳಕೆದಾರರನ್ನು ಮಾಡಿದ್ದೆ, ಅವರಿಗೆ ಪಾಸ್‌ವರ್ಡೂ ಕೊಟ್ಟಿದ್ದೆ. ಆದರೆ ಆ ಪಾಸ್‌ವರ್ಡುಗಳೆಲ್ಲ ಇದ್ದದ್ದು ದವಾಖಾನೆಯ ಕಂಪ್ಯೂಟರಿನ ಇನ್ನೊಂದು ಫೈಲಿನಲ್ಲಿ. ಕೋಷ್ಟಕಗಳ ಒಡೆತನ ಮಾತ್ರ ಆ ಅಡ್ಮಿನ್ ಹೆಸರಿನಲ್ಲೇ ಉಳಿದಿತ್ತು. ಬೇರೆ ಮಶೀನಿಗೆ ಹೋದ ಕೂಡಲೇ ಅಲ್ಲಿನ ಅಡ್ಮಿನ್ ತನ್ನದೇ ಮನೆ ಎಂಬಂತೆ ಒಳಗೆ ಬರುತ್ತಿದ್ದ. ಅವನನ್ನು ಯಾರೂ ತಡೆದು ಕೇಳುತ್ತಿರಲಿಲ್ಲ. ನಾನು ಬೀಗವನ್ನು ಕೋಣೆಗೆ ಹಾಕಿದ್ದೆನೇ ಹೊರತು ಪೆಟ್ಟಿಗೆಗಲ್ಲ. ಪೆಟ್ಟಿಗೆಯನ್ನು ನಾನೇ ಪ್ರತಿ ತಿಂಗಳು ಚಹಾ ಕೊಟ್ಟು ಕಳಿಸಿದ್ದೆ.

"ಕಡೀ ಪಾಠದ ಕಡೀ ಪುಟದಾಗಿತ್ತು. ನೀ ಆ ದಿವಸ ಬಂದಿದ್ದಿಲ್ಲ," ಅಂದರು ಮಾಸ್ತರರು. ಅವರೂ ಧಾರವಾಡದ ಕಡೆಯವರೇ. ಆ ದಿವಸ ನಾನು ಎಲ್ಲಿದ್ದೆನೆಂದೂ ನೆನಪಿತ್ತು. ಅಕ್ಕನಿಗೆ ಸೀರೆ ಆರಿಸಲು ಹೋಗಿದ್ದೆ.

ಮರುದಿನ ಸ್ವಾರಗೇಟ್ ಸ್ಟ್ಯಾಂಡಿನಲ್ಲಿ ಎಸ್.ಟಿ. ಬಸ್ಸು ಹತ್ತಿ ಸೀಟು ಸಿಕ್ಕ ಮೇಲೆ ಸಿಸ್ಟರಿಗೆ ಎಲ್ಲ ಹೇಳಿದೆ. ಅಡ್ಮಿನ್ನನ್ನೂ ಹೇಳಿದೆ, ಸೀರೆಯನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ತಮ್ಮದೊಂದು ಹಳೆಯ ತಪ್ಪು ಹೇಳಿದರು. ನೌಕರಿಗೆ ಸೇರಿದ ಹೊಸತರಲ್ಲಿ ಅವರು ರಜಿಸ್ಟರನ್ನು ಬೆಂಚಿನ ಮೇಲೆ ಬಿಟ್ಟು ನೀರು ಕುಡಿಯಲು ಹೋಗಿದ್ದರಂತೆ. ಅಷ್ಟರಲ್ಲಿ ಯಾರೋ ಪುಟ ತಿರುವಿ ನೋಡಿದರು. ಒಂದು ಹುಡುಗಿಯ ನಿಶ್ಚಯವಾದ ಮದುವೆ ಮುರಿಯಿತು.

"ಆಕೀಗಿ ಆಮ್ಯಾಲ ಲಗ್ನಾತೇನ್ರಿ?"

"ಗೊತ್ತಿಲ್ಲ. ಆಕಿ ಮತ್ತ ಗುಳಗೀಗ ಬರಲೇ ಇಲ್ಲ," ಅಂದರು. "ಅದಕ್ಕ ಇವತ್ತ ನಾವ ಹೊಂಟೀವಿ."

ಇಂದಾಪುರದಲ್ಲಿ ಇಳಿದು, ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳವರನ್ನು ಕೇಳುತ್ತ ಕೇಳುತ್ತ ಹೋದೆವು. ಕರ್ನಾಟಕದವರ ಟೋಳಿ, ಕಬ್ಬು ಕಡಿಯುವವರ ಗುಂಪು, ಎಲ್ಲಿ ಎಂದರೆ ಎರಡು ಮೂರು ಕಡೆ ಕೈ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಕಾಲುವೆಯ ದಂಡೆಯ ಮೇಲೆ ಕಬ್ಬಿನ ಸೋಗೆ ಹೊದಿಸಿದ ಜೋಪಡಿಗಳು ಕಂಡವು. ಅವಳು ಒಲೆಯ ಮುಂದೆ ಕೂತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು. ಸಿಸ್ಟರನ್ನು ನೋಡಿ ಮುಖ ಅರಳಿತು. ನನ್ನನ್ನು ನೋಡಿ ಮುಚ್ಚಿತು.

"ನೀವು ಬೀಗ ಹಾಕೀನಿ ಅಂದಿದ್ರಿ," ಅಂದಳು.

"ಹಾಕಿದ್ದೆ. ಸರಿಯಾಗಿ ಹಾಕಲಿಕ್ಕೆ ನನಗ ಬರಲಿಲ್ಲ. ತಪ್ಪು ನಂದ."

"ಮುಕಾದಮ ಎಲ್ಲಾರ ಮುಂದ ನಿಂತು ಓದಿದ್ರಿ. ನನ್ನ ಹೆಸರು ಅಷ್ಟು ಗಟ್ಟಿಯಾಗಿ ಹುಟ್ಟಿದಾಗಿಂದ ಯಾರೂ ಕರದಿದ್ದಿಲ್ಲ."

ಸಿಸ್ಟರ್ ನಡುವೆ ಬಂದು ಚೀಲದಿಂದ ಗುಳಿಗೆಯ ಪೊಟ್ಟಣ ತೆಗೆದರು.

"ಬೈಯೂದು ಆಮ್ಯಾಲ ಬೈಯುವಂತಿ. ಈಗ ಬಾಯಿ ತಗಿ."

ಅವಳು ಚಿಕ್ಕ ಕೂಸಿನ ಹಾಗೆ ಬಾಯಿ ತೆರೆದಳು. ಒಂದೊಂದೇ ಗುಳಿಗೆ, ಮೇಲೆ ತಂಬಿಗೆಯ ನೀರು. ಕೊನೆಗೆ ಪೆಪ್ಪರಮಿಂಟು. ಅದನ್ನು ಚೀಪುತ್ತ ಅವಳು ಅತ್ತಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ನಮಗೆ ಕೂರಲು ಗೋಣಿಚೀಲ ಹಾಸಿದಳು. ಗಂಡ ಗದ್ದೆಯಿಂದ ಬಂದ. ಅವನು ಹೆಚ್ಚು ಮಾತಿನವನಲ್ಲ. ಒಂದು ಕಬ್ಬಿನ ಜಲ್ಲೆ ಸಿಗಿದು, ಗಿಣ್ಣು ತೆಗೆದು, ಸಿಸ್ಟರ್ ಕೈಗೆ ಕೊಟ್ಟ. ನನಗೂ ಕೊಟ್ಟ. ಅದನ್ನು ತಿನ್ನುವುದಕ್ಕೆ ನನಗೆ ಎಷ್ಟು ಸಂಕೋಚವಾಯಿತೆಂದರೆ, ಕೊನೆಗೆ ಅವಳೇ, "ತಿನ್ರಿ ಅಕ್ಕಾರ, ಒಣಗತದ," ಎಂದಳು.

ಆ ಊರಿನ ಸರಕಾರಿ ದವಾಖಾನೆಯ ನರ್ಸು ಸಿಸ್ಟರಿಗೆ ಪರಿಚಯದವರು. ಉಳಿದ ಗುಳಿಗೆ ಅಲ್ಲೇ ನುಂಗುವಂತೆ ಚೀಟಿ ಬರೆದುಕೊಡಬೇಕಿತ್ತು. ಸಿಸ್ಟರ್ ಚೀಟಿಯ ಮೇಲೆ ಬರೀ ನಂಬರು ಹಾಕಿ, ಹೆಸರಿನ ಜಾಗ ಖಾಲಿ ಬಿಟ್ಟು, "ಇಲ್ಲೆ ಯಾರಿಗೂ ಹೇಳಬ್ಯಾಡ ಅಂದ್ರ ಹೇಳೂದಿಲ್ಲ ಅವರು," ಎಂದರು.

ಅವಳು ತಲೆ ಅಲ್ಲಾಡಿಸಿದಳು. "ಇಲ್ಲೆ ನಾನ ಹೇಳೀನ್ರಿ ಎಲ್ಲಾರಿಗಿ. ಇನ್ನೊಬ್ಬರು ಓದಿ ಹೇಳೂದಕಿಂತ ನಾನ ಹೇಳೂದು ಚಲೋ ಅಲ್ಲೇನ್ರಿ? ನಾದಿನಿ ತಾಟು ಬ್ಯಾರೆ ಮಾಡ್ಯಾಳ. ಮಾಡಲಿ. ಊಟಂತೂ ಹಾಕತಾಳ." ಆಮೇಲೆ ನನ್ನ ಕಡೆ ತಿರುಗಿ, "ಹೆಸರು ಬರೀರಿ ಅಕ್ಕಾರ. ಖರೇದ ಬರೀರಿ," ಎಂದಳು.

ಸಿಸ್ಟರ್ ಪೆನ್ನು ನನ್ನ ಕೈಗೆ ಕೊಟ್ಟರು. ನಾನು ಬರೆದೆ.

ಸೋಮವಾರ ಡಾಕ್ಟರು ಬಿಲ್ಡರ್ ಆಫೀಸಿಗೆ ಹೋದರು. ಮೆತ್ತಗೆ ಮಾತಾಡುವ ಮನುಷ್ಯ ಅಂದು ಮೆತ್ತಗೇ, ನಿಮ್ಮ ಕಂಪ್ಯೂಟರನ್ನು ವಾಪಸು ತೆಗೆದುಕೊಂಡು ಹೋಗಿ ಎಂದರಂತೆ. ಬಿಲ್ಡರಿಗೆ ವಿಷಯವೇ ಗೊತ್ತಿರಲಿಲ್ಲ. ಸೈಟಿನಲ್ಲಿ ಯಾರೋ ಕೆಮ್ಮಿದ್ದಕ್ಕೆ ಅಲ್ಲಿನ ಮ್ಯಾನೇಜರ್ ಹೆದರಿ, ದವಾಖಾನೆಯ ನಕಲು ನಮ್ಮಲ್ಲೇ ಇದೆಯಲ್ಲ ಎಂದು ನೆನಪಾಗಿ ತನ್ನ ಸೈಟಿನವರ ಹೆಸರುಗಳ ಪ್ರಿಂಟ್ ತೆಗೆಸಿದ್ದ. ಬಿಲ್ಡರ್ ಕೈ ಮುಗಿದು, ಕಂಪ್ಯೂಟರ್ ಮಾತ್ರ ನಿಮ್ಮಲ್ಲೇ ಇರಲಿ ಎಂದರು. ಫ್ಲಾಪಿಗಳು ವಾಪಸು ಬಂದವು. ಸಿಸ್ಟರ್ ಅವುಗಳನ್ನು ಕತ್ತರಿಯಿಂದ ತುಂಡು ಮಾಡಿ, ಇಂಜೆಕ್ಷನ್ ಸೂಜಿಗಳನ್ನು ಹಾಕುವ ಡಬ್ಬಿಗೆ ಹಾಕಿದರು. ಡಾಕ್ಟರು ಸೈಟಿಗೆ ಹೋಗಿ ಎಲ್ಲರೆದುರು ರೋಗದ ವಿಷಯ ತಿಳಿಸಿ ಬಂದರು. ಐವರಲ್ಲಿ ಮೂವರನ್ನು ಕೆಲಸಕ್ಕೆ ಮತ್ತೆ ಕರೆದರು. ಇಂದಾಪುರದ ಇವರು ಸುಗ್ಗಿ ಮುಗಿಯುವ ತನಕ ಬರುವುದಿಲ್ಲವೆಂದರು. ಐದನೆಯವನು ತನ್ನ ಊರಿಗೆ ಹೋಗಿಬಿಟ್ಟಿದ್ದ. ಅವನ ವಿಳಾಸಕ್ಕೆ ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ. ಅವನ ಮುಖ ನನಗೆ ನೆನಪಿದೆ. ಎಡಗಿವಿಯಲ್ಲಿ ಬೆಳ್ಳಿಯ ಮುರುವು ಇತ್ತು.

ಕಂಪ್ಯೂಟರ್ ಮನುಷ್ಯ ತಾನಾಗಿಯೇ ಒಂದು ದಿನ ಬಂದು ಬಾಗಿಲಲ್ಲಿ ನಿಂತ. ಅದು ಪಾಸ್‌ವರ್ಡ್ ಕೇಳಲೇ ಇಲ್ಲ ಮ್ಯಾಡಮ್, ಕೇಳಿದ್ದರೆ ನಾನು ತೆಗೆಯುತ್ತಲೇ ಇರಲಿಲ್ಲ ಎಂದ. ನಾನು ನಂಬಿದೆ. ಒಳಗೆ ಕರೆದೆ, ಅವನು ಬರಲಿಲ್ಲ.

ಆಮೇಲೆ ಮೂರು ಮಧ್ಯಾಹ್ನ ನಾನೂ ಮಾಸ್ತರರೂ ಕೂತು ಎಲ್ಲವನ್ನೂ ಹೊಸದಾಗಿ ಕಟ್ಟಿದೆವು. ಅಡ್ಮಿನ್ ಅಲ್ಲದ ಹೊಸ ಒಡೆಯನೊಬ್ಬನನ್ನು ಹುಟ್ಟಿಸಿ, ಅವನ ಹೆಸರಿನಲ್ಲಿ ಹೊಸ ಫೈಲು ಮಾಡಿ, ಕೋಷ್ಟಕಗಳನ್ನೆಲ್ಲ ಅದಕ್ಕೆ ಸಾಗಿಸಿದೆವು. ಅಡ್ಮಿನ್ನನ ಹಕ್ಕುಗಳನ್ನು ಒಂದೊಂದಾಗಿ ಕಿತ್ತೆವು. ಫೈಲನ್ನೇ ಗೂಢಲಿಪಿಗೆ ತಿರುಗಿಸಿದೆವು. ವರದಿಯಲ್ಲಿ ಹೆಸರು ತೆಗೆದು ನಂಬರು ಮಾತ್ರ ಉಳಿಸಿದೆ. ಇಷ್ಟಾದರೂ ನನಗೆ ನಂಬಿಕೆ ಬರಲಿಲ್ಲ. ಸುಳ್ಳು ಹೆಸರುಗಳನ್ನು ತುಂಬಿದ ಒಂದು ಮಾದರಿ ಫೈಲು ಮಾಡಿ, ಅದನ್ನು ಫ್ಲಾಪಿಯಲ್ಲಿ ಹೊತ್ತು ಅಪ್ಪನ ಆಫೀಸಿಗೆ ಹೋಗಿ ನೋಡಿದೆ, ಸ್ಟೇಶನ್ನಿನ ಎದುರಿನ ಸೈಬರ್ ಕೆಫೆಗೆ ಹೋಗಿ ನೋಡಿದೆ. ಕ್ಲಾಸಿಗೆ ಹೋಗುವಾಗ ಸಿಸ್ಟರೂ ಬಂದರು. ಮಾಳಿಗೆಯ ಕಡಿದಾದ ಮೆಟ್ಟಿಲನ್ನು ಸೀರೆ ಎತ್ತಿ ಹಿಡಿದು ಹತ್ತಿ, ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ನಾನು ಒತ್ತಿದೆ. ನಿಮಗೆ ಇದನ್ನು ತೆರೆಯಲು ಅನುಮತಿ ಇಲ್ಲ ಎಂಬ ಇಂಗ್ಲಿಷ್ ಸೂಚನೆ ಬಂತು.

"ಏನಂತದ?"

"ಒಳಗ ಬಿಡಾಂಗಿಲ್ಲ ಅಂತದರಿ."

"ಇನ್ನೊಮ್ಮೆ ಒತ್ತು."

ಒತ್ತಿದೆ. ಬಿಡಲಿಲ್ಲ.

"ನಾ ಒತ್ತತೀನಿ." ಅವರೂ ಒತ್ತಿದರು. ಅವರನ್ನೂ ಬಿಡಲಿಲ್ಲ. ಅವರಿಗೆ ಅಷ್ಟು ಸಂತೋಷವಾದದ್ದನ್ನು ನಾನು ಮೊದಲ ಸಲ ನೋಡಿದೆ. ಕ್ಲಾಸಿನ ಹುಡುಗಿಯರಿಗೆಲ್ಲ ಪೆಪ್ಪರಮಿಂಟು ಹಂಚಿದರು.

ಆದರೆ ಯಂತ್ರದ ಮಾತನ್ನೇ ನಂಬಿ ಕೂರುವವರು ಅವರಲ್ಲ. ಮರುದಿನ ನಾನು ಹೋಗುವಷ್ಟರಲ್ಲಿ ಕಂಪ್ಯೂಟರಿನ ಫ್ಲಾಪಿ ಹಾಕುವ ಬಾಯಿಗೆ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ಅಡ್ಡಡ್ಡ ಎರಡು ಬಿದ್ದಿತ್ತು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಅವರ ಸಹಿ, ತಾರೀಖು. ನಾನು ನಕಲು ತೆಗೆಯುವ ದಿನ ಅವರೇ ಬಿಚ್ಚಿ, ನಾನು ತೆಗೆದ ಫ್ಲಾಪಿಯನ್ನು ಕೈಯಿಂದ ಇಸಿದುಕೊಂಡು, ಹೊಸ ಪಟ್ಟಿ ಹಚ್ಚಿ ಸಹಿ ಮಾಡುತ್ತಿದ್ದರು. ಡಾಕ್ಟರರಿಗೂ, ಇನ್ನು ಮೇಲೆ ಪಾಸ್‌ವರ್ಡನ್ನು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು ಎಂದು ತಾಕೀತು ಮಾಡಿದರು. ಅವರು ಪಾಪ, ತುಟಿ ಬಿಗಿಹಿಡಿದು ಒತ್ತಲು ಕಲಿತರು. ತುಟಿ ಮಾತ್ರ ಅಲ್ಲಾಡುತ್ತಲೇ ಇತ್ತು.

ಬೇಸಿಗೆಯಲ್ಲಿ, ಕಬ್ಬಿನ ಸುಗ್ಗಿ ಮುಗಿದ ಮೇಲೆ, ಅವಳೂ ಗಂಡನೂ ಬಂದರು. ಇಂದಾಪುರದ ನರ್ಸು ಕೊಟ್ಟ ಕಾರ್ಡಿನಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಕೊನೆಯ ಕಫದ ಪರೀಕ್ಷೆ ನಮ್ಮಲ್ಲೇ ಆಯಿತು. ಏನೂ ಇಲ್ಲವೆಂದು ಬಂತು. ಸಿಸ್ಟರ್ ಕಾರ್ಡಿನ ಮೇಲೆ 'ಗುಣ' ಎಂದು ಮರಾಠಿಯಲ್ಲಿ ಬರೆದು, ಎರಡು ಸಲ ಅಡಿಗೆರೆ ಎಳೆದರು. ಆಮೇಲೆ, ನಾನು ಕಂಡಂತೆ ಅದೇ ಮೊದಲು, ದವಾಖಾನೆಯ ಬಾಗಿಲು ಮುಂದಕ್ಕೆ ಮಾಡಿ, "ಬರ್ರಿ, ಚಹಾ ಕುಡಿಯೂಣು," ಎಂದು ಎದುರಿನ ಹೋಟೆಲಿಗೆ ನಮ್ಮನ್ನೆಲ್ಲ ಕರೆದುಕೊಂಡು ಹೋದರು.

ನಾಲ್ವರೂ ಒಂದೇ ಮೇಜಿಗೆ ಕೂತೆವು. ಅವಳಿಗೆ ಮತ್ತೆ ಹಿಂಜವಾಡಿಯಲ್ಲೇ ಕೆಲಸ ಸಿಕ್ಕಿತ್ತು, ಬೇರೆ ಕಟ್ಟಡದಲ್ಲಿ. ಅಲ್ಲಿ ಅಂಚು ಮುಟ್ಟಿದರೆ ಕೈ ಕೊಯ್ಯುವಂಥ, ನೆಲಕ್ಕೆ ಹಾಸುವ ನುಣ್ಣನೆಯ ಫರಸಿಕಲ್ಲುಗಳಿವೆಯಂತೆ, ಅವನ್ನು ನಾಲ್ಕನೇ ಅಂತಸ್ತಿಗೆ ಹೊರಬೇಕಂತೆ. ಆ ಕಲ್ಲಿನಲ್ಲಿ ಮುಖ ಕಾಣುತ್ತದೆ ಎಂದಳು. ಚಹಾದ ಬಸಿ ಎತ್ತಿ ಸುರ್ರೆಂದು ಕುಡಿದಳು. ಗಂಡ ಇನ್ನೊಂದು ಕಪ್ಪು ಬೇಕೆಂದು ಕಣ್ಣಲ್ಲೇ ಹೇಳಿದ, ಸಿಸ್ಟರ್ ತರಿಸಿದರು.

ಬಸ್‌ಸ್ಟಾಪಿನ ತನಕ ನಾವು ಹೋದೆವು. ಬಸ್ಸು ತುಂಬಿ ಬಂದಿತ್ತು. ಕಂಡಕ್ಟರು ಜಾಗವಿಲ್ಲ ಎಂದು ಕೈ ಅಡ್ಡ ಹಿಡಿದ. ಅವಳು ಗಂಡನನ್ನು ಮುಂದೆ ನೂಕಿ, ತಾನೂ ಹತ್ತಿ, ಕಂಡಕ್ಟರನಿಗೆ ಮರಾಠಿಯಲ್ಲಿ ಜೋರಾಗಿ ಏನೋ ಅಂದಳು. ಒಳಗಿದ್ದವರೆಲ್ಲ ನಕ್ಕರು. ಏನಂದಳೆಂದು ನಮಗೆ ಕೇಳಿಸಲಿಲ್ಲ. ಬಸ್ಸು ಹೊರಟಿತು, ಸಿಸ್ಟರ್ ಮತ್ತು ನಾನು ಗಲ್ಲಿಯ ಕಡೆ ತಿರುಗಿದೆವು. ಪಡಸಾಲೆಯ ಹೊರಗೆ ಆಗಲೇ ಆರೇಳು ಜನ ಕಾಯುತ್ತ ನಿಂತಿದ್ದರು.